ಜಗಲಿಗೊಂದು ಪುಟ

ಮೊನ್ನೆ ತಳಿಯಿಂದ ಹೊಸೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಅವರೆಕಾಯಿ ಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದರು. ಚೀಲದ ಬಾಯಿಗೆ ಹಳೇ ಸೀರೆಯ ಅಂಚು ಕಟ್ಟಿತ್ತು. ಹೊರಗೆ ಮಂಜು, ಒಳಗೆ ಎಲ್ಲರ ಬಾಯಲ್ಲೂ ಹೊಗೆ. ಕಿಟಕಿಯ ಗಾಜು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಡುವೆ ಸಿಕ್ಕಿಕೊಂಡಿತ್ತು. ಅದರ ಸಂದಿಯಿಂದ ಗಾಳಿ ನುಗ್ಗಿದಾಗಲೆಲ್ಲ ಚೀಲದ ಸೊಗಡು ಮುಖಕ್ಕೆ ಬಂದು ತಾಗುತ್ತಿತ್ತು. ಅವರೆಯ ಸೊಗಡನ್ನು ತಿಳಿಯದವರಿಗೆ ವಿವರಿಸುವುದು ಕಷ್ಟ. ಎಲೆ ಹಿಸುಕಿದ ವಾಸನೆಯಲ್ಲ, ಎಣ್ಣೆಯದೂ ಅಲ್ಲ. ಇಬ್ಬನಿ ಬೀಳತೊಡಗಿದ ಮೇಲೆ ಕಾಯಿಯ ಮೈಗೆ ಹತ್ತುವ ಒಂದು ಅಂಟು ಘಮ. ಕೈಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ.

ಸಂಕೋಚಪಡುತ್ತಲೇ ಎರಡು ಕಾಯಿ ಕೇಳಿದೆ. ಆಕೆ ಚೀಲ ಬಿಚ್ಚಿ ಒಂದು ಹಿಡಿ ತೆಗೆದು ನನ್ನ ಮಡಿಲಿಗೆ ಹಾಕಿದರು. ಬಸ್ಸಿನಲ್ಲೇ ಸುಲಿದೆ. ಹೊಸೂರು ಬರುವಷ್ಟರಲ್ಲಿ ಹೆಬ್ಬೆರಳ ಉಗುರಿನ ಅಂಚು ಕಪ್ಪಾಗಿತ್ತು. ಅದನ್ನು ನೋಡಿಕೊಂಡು ನನಗೆ ಬಂದ ಸಂತೋಷವನ್ನು ಪಕ್ಕದವರಿಗೆ ಹೇಳಿದ್ದರೆ ಜಾಗ ಬದಲಿಸಿ ಕೂತುಬಿಡುತ್ತಿದ್ದರೇನೋ.

ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಸಿಸ್ಟರ್ ಸಾಲಿನುದ್ದಕ್ಕೂ ನಡೆದು ನಮ್ಮ ಉಗುರು ನೋಡುತ್ತಿದ್ದರು. ಕೈ ಮುಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ನಿಲ್ಲಬೇಕು. ಬೈಯುತ್ತಿರಲಿಲ್ಲ. ಕಪ್ಪಿದ್ದರೆ ಹುಬ್ಬು ಒಂದಿಷ್ಟು ಮೇಲೇರುತ್ತಿತ್ತು, ಅಷ್ಟೇ. ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೂ ಭಾನುವಾರ ರಾತ್ರಿ ಉಗುರು ಕತ್ತರಿಸದಿದ್ದರೆ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಅಂಥವಳ ಉಗುರು ಒಂದು ಇಡೀ ಚಳಿಗಾಲ ಕಪ್ಪಗೆ ಇತ್ತು. ಕೊರೋನಾ ಕಳೆದು, ಜನ ಮಾಸ್ಕನ್ನು ಬಾಗಿಲ ಹಿಂದಿನ ಮೊಳೆಯಲ್ಲಿ ಮರೆತುಬಿಟ್ಟ ಚಳಿಗಾಲ ಅದು.

ನಮ್ಮ ಯಜಮಾನರಿಗೆ ಹೊಸೂರಿನ ಕಾರ್ಖಾನೆಗೆ ವರ್ಗವಾಗಿ ನಾವು ಬಂದು ಹೆಚ್ಚು ಕಾಲವಾಗಿರಲಿಲ್ಲ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಮಾತಾಡುತ್ತಿತ್ತು. ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ಒಂದು ದಿನ ಕೈಬರಹದ ಚೀಟಿ ಕಂಡೆ: ಹಳ್ಳಿಗಳಲ್ಲಿ ಕೆಲಸ, ಕನ್ನಡ ಮಾತಾಡಬಲ್ಲವರು ಬೇಕು. ಬಸ್ ಸ್ಟ್ಯಾಂಡಿನ ಹಿಂದೆ ಟೈರ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ. ಅಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತು ಕಡಲೆಕಾಯಿ ತಿನ್ನುತ್ತಿದ್ದಳು. ಹೆಸರು ಅನ್ಬರಸಿ, ಊರು ಸೇಲಂ ಕಡೆ. ಕಂಪನಿಯ ಕೆಲಸ ಬಿಟ್ಟು ಸ್ನೇಹಿತರಿಬ್ಬರ ಜೊತೆ ಈ ಸಂಸ್ಥೆ ಕಟ್ಟಿಕೊಂಡಿದ್ದಳು. ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿ ಒಂದು ವೆಬ್‌ಸೈಟು. ಯಾವ ಊರಿಗೆ ಡಾಕ್ಟರು ಯಾವತ್ತು ಬರುತ್ತಾರೆ, ಯಾವ ಬಸ್ಸು ನಿಂತುಹೋಗಿದೆ, ಯಾರ ಮನೆಯಲ್ಲಿ ಏನು ಬೆಳೆದಿದೆ, ಏನು ಮಾಡಿದ್ದಾರೆ, ಎಲ್ಲ ಅದರಲ್ಲಿ. ಪಟ್ಟಣದವರು ಅದರಲ್ಲೇ ಹಳ್ಳಿಯವರಿಂದ ಕೊಳ್ಳಬಹುದು. ಉಳಿಯುವುದೆಲ್ಲ ಮತ್ತೆ ಹಳ್ಳಿಗೇ. "ದಾನಾನೂ ಇಲ್ಲ, ಯಾಪಾರಾನೂ ಇಲ್ಲ ಅಕ್ಕಾ, ನಡುವಿದು," ಅಂದಳು, ತನ್ನ ಮುರಿದ ಕನ್ನಡದಲ್ಲಿ. ಗಡಿಯ ಊರುಗಳ ಹೆಂಗಸರ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಅದಕ್ಕೆ ನಾನು.

ಹೀಗೆ ನಾನು ಗುಮ್ಮಳಾಪುರದ ಕೆಳಗಿನ ಬೀದಿಗೆ ಹೋಗಿಬರತೊಡಗಿದೆ. ಅಲ್ಲಿನವರದು ಒಂದು ವಿಚಿತ್ರ. ಮನೆಯ ಮಾತು ಕನ್ನಡ, ಓದಿದ್ದು ತಮಿಳಿನಲ್ಲಿ, ಜಗಳವಾಡಿದರೆ ತೆಲುಗು. ನನಗೋ ತಮಿಳು ಓದಲು ಬಾರದು. ಅವರ ಫೋನಿಗೆ ಸಂಸ್ಥೆಯಿಂದ ಬಂದದ್ದನ್ನು ಅವರೇ ಓದಿ ಕನ್ನಡದಲ್ಲಿ ನನಗೆ ಹೇಳಬೇಕು, ಅದರ ಅರ್ಥ ಏನೆಂದು ನಾನು ಅವರಿಗೆ ಹೇಳಬೇಕು. ನನ್ನ ಕಾಟನ್ ಸೀರೆ, ಕೊಡೆ, ಟಿಫಿನ್ ಡಬ್ಬಿ ನೋಡಿ ಅವರು ನನ್ನನ್ನು ಟೀಚರಕ್ಕ ಅಂದರು. ಟೀಚರಲ್ಲ ಅಂತ ಒಂದೆರಡು ಸಲ ಹೇಳಿ ನಾನೂ ಬಿಟ್ಟೆ.

ಆ ಬೀದಿಯ ಹೆಂಗಸರು ಹಿತಕಿದ ಬೇಳೆ ಮಾಡುತ್ತಿದ್ದರು. ಸಂಜೆ ಅವರೆಕಾಯಿ ಸುಲಿದು ಕಾಳು ನೆನೆಹಾಕುವುದು, ಬೆಳಗಿನ ಜಾವ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತಕುವುದು. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಚಿಮ್ಮಿ ಬೋಸಿಗೆ ಬೀಳುತ್ತದೆ. ಪಟ್ಟಣದ ಮನೆಗಳಲ್ಲಿ ಇದಕ್ಕೆ ಪ್ರಾಣ ಬಿಡುತ್ತಾರೆ, ಮಾಡಿಕೊಳ್ಳಲು ಯಾರಿಗೂ ಪುರಸೊತ್ತಿಲ್ಲ. ಬೆಳಕಾಗುವ ಹೊತ್ತಿಗೆ ಸಂಸ್ಥೆಯ ವ್ಯಾನು ಬಂದರೆ ಮಧ್ಯಾಹ್ನದ ಸಾರಿಗೆ ಬೇಳೆ ಹೊಸೂರಿನ ಅಡುಗೆಮನೆಯಲ್ಲಿರುತ್ತಿತ್ತು.

ಎಲ್ಲರೂ ಕೂರುತ್ತಿದ್ದುದು ಮುನಿಯಮ್ಮನವರ ಜಗಲಿಯ ಮೇಲೆ, ಏಕೆಂದರೆ ಅದು ಉದ್ದ, ರಸ್ತೆಯ ಪಕ್ಕ, ಮತ್ತು ಅಲ್ಲಿ ಬೀದಿದೀಪ ಉರಿಯುತ್ತಿತ್ತು. ಮುನಿಯಮ್ಮ ಹಿತಕಲು ಕೂರುತ್ತಿರಲಿಲ್ಲ. ಬಾಗಿಲ ಹೊಸ್ತಿಲ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಎಲ್ಲರನ್ನೂ ನೋಡುತ್ತಿದ್ದರು, ತಮ್ಮ ಸೊಸೆ ಚಂದ್ರಮ್ಮನನ್ನು ಸ್ವಲ್ಪ ಹೆಚ್ಚಾಗಿ.

ಚಂದ್ರಮ್ಮ ಮದುವೆಯಾದಾಗಿನಿಂದ ಹೊಸೂರಿನ ಒಂದು ಕಂಪನಿಗೆ ಹೋಗುತ್ತಿದ್ದವಳು. ಕಂಪನಿ ಬಸ್ಸು ನಸುಕಿನಲ್ಲೇ ಅದೇ ಜಗಲಿಯ ಮುಂದೆ ಬಂದು ಎರಡು ಸಲ ಹಾರ್ನ್ ಹೊಡೆಯುತ್ತಿತ್ತು. ದಿನವಿಡೀ ತಲೆಗೆ ಟೋಪಿ ಹಾಕಿಕೊಂಡು ನಿಂತು ಮಾಡುವ ಕೆಲಸ. ಮಗಳು ಮಲಗಿದ್ದಾಗ ಹೋಗಿ, ಮಗಳ ಜೊತೆ ಮಾತಾಡುವ ತ್ರಾಣವಿಲ್ಲದೆ ಬರುವುದು. ಆ ವರ್ಷ ಅವರೆ ಹೂ ಬಿಡುವ ಹೊತ್ತಿಗೆ ಕಂಪನಿ ಬಿಟ್ಟಳು. ಗಂಡ ಹೂಂ ಅಂದ. ಅತ್ತೆ ಒಂದು ಗಡುವು ಇಟ್ಟರು: "ಸಂಕ್ರಾಂತಿ ಗಂಟ ನೋಡ್ತೀನಿ. ಅಷ್ಟರಾಗೆ ಇದು ನಿಲ್ತು, ಸರಿ. ನಿಲ್ಲದಿದ್ರೆ ಬಾಯ್ ಮುಚ್ಕಂಡು ಬಸ್ಸತ್ತು."

ಬಸ್ಸಿನ ಡ್ರೈವರಿಗೆ ಇದು ತಿಳಿದಿರಲಿಲ್ಲವೋ, ತಿಳಿದೂ ಚೇಷ್ಟೆಯೋ, ದಿನವೂ ಬಂದು ಎರಡು ಸಲ ಹಾರ್ನ್ ಹೊಡೆಯುತ್ತಲೇ ಇದ್ದ. ಸದ್ದು ಕೇಳಿದಾಗಲೆಲ್ಲ ಮುನಿಯಮ್ಮ ಸೊಸೆಯ ಕಡೆ ನೋಡುತ್ತಿದ್ದರು. ಚಂದ್ರಮ್ಮ ತಲೆಯೆತ್ತುತ್ತಿರಲಿಲ್ಲ. ಅವಳ ಬೆರಳು ಮಾತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು. ನನ್ನ ಕಣ್ಣಿಗೆ ಅದು ಬಿದ್ದಿತ್ತು, ಅತ್ತೆಯ ಕಣ್ಣಿಗೂ ಬೀಳದೆ ಇರಲಿಲ್ಲ.

ಅನ್ಬರಸಿಯದೊಂದು ನಿಯಮವಿತ್ತು. ಒಬ್ಬ ಹೆಂಗಸಿಗೆ ಒಂದು ಪುಟ. ಪುಟದಲ್ಲಿ ಅವಳ ಫೋಟೋ, ಹೆಸರು, ಅವಳ ಮಾತು. ಪೊಟ್ಟಣದ ಮೇಲೆ ಅಂಟಿಸುವ ಚೌಕದ ಗುರುತನ್ನು ಫೋನಿನಿಂದ ಹಿಡಿದರೆ ಆ ಪುಟವೇ ತೆರೆಯಬೇಕು. ಅವಳ ಹಠಕ್ಕೆ ಕಾರಣವಿತ್ತು. ಮೊದಲು ಇನ್ನೊಂದು ಊರಿನಲ್ಲಿ ಎಲ್ಲರನ್ನೂ ಸೇರಿಸಿ ಒಬ್ಬ ಮುಂದಾಳು ಹೆಂಗಸಿನ ಹೆಸರಿನಲ್ಲಿ ಪುಟ ಮಾಡಿದ್ದಳಂತೆ. ಸನ್ಮಾನಕ್ಕೂ ಆಕೆಯೇ, ಫೋಟೋಕ್ಕೂ ಆಕೆಯೇ. ಮಿಕ್ಕವರು ಕೆಲಸ ಮಾಡುತ್ತ ಮಾಡುತ್ತ ಕಾಣೆಯಾದರು. ಅದನ್ನು ಹೇಳುವಾಗ ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ನನಗೆ ಅವಳ ಮಾತು ನ್ಯಾಯವೆನಿಸಿತ್ತು, ಈಗಲೂ ಅನಿಸುತ್ತದೆ.

ಆದರೆ ಆ ಬೀದಿಯವರು ಮುಯ್ಯಿಯವರು. ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ರಾಗಿ ಕೊಯ್ಲಿಗೆ ನೀವು. ಒಬ್ಬಳಿಗೆ ಜ್ವರ ಬಂದರೆ ಅವಳ ಪಾಲಿನ ಸಾಲನ್ನು ಉಳಿದವರು ಮುಗಿಸುತ್ತಾರೆ, ಅದು ಉಪಕಾರ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಬೇಳೆಯನ್ನೂ ಹಾಗೇ ಹಿತಕುತ್ತಿದ್ದರು. ಎಲ್ಲರ ಕಾಳೂ ಒಂದೇ ಹಂಡೆಗೆ, ಎಲ್ಲರ ಬೇಳೆಯೂ ಒಂದೇ ಕೊಪ್ಪರಿಗೆಗೆ. ಕೊನೆಗೆ ಪೊಟ್ಟಣ ತುಂಬಿ, ಯಾರ ಗುರುತು ಕೈಗೆ ಸಿಕ್ಕಿತೋ ಅದನ್ನು ಗುಡಿಯಲ್ಲಿ ಚರುಪು ಹಂಚಿದ ಹಾಗೆ ಅಂಟಿಸುವುದು. ನಾನು ಇದನ್ನು ಹೇಳಿದ ಮೇಲೆ ಅನ್ಬರಸಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಸ್ಟೀಲ್ ಬೇಸಿನ್ನು, ಅದರ ಮೇಲೆ ಹೆಸರು ಕೊರೆಸಿ ಕಳಿಸಿದಳು. ಮುಂದಿನ ಸಲ ಹೋದಾಗ ಒಂದರಲ್ಲಿ ಕೋಳಿಗೆ ನೀರಿತ್ತು, ಒಂದರಲ್ಲಿ ಹುಣಸೆಹಣ್ಣು ನೆನೆದಿತ್ತು. "ಬಲೇ ಚೆನ್ನಾಗವೆ ಟೀಚರಕ್ಕ, ಕಳಿಸಿದೋರ್ಗೆ ಪುಣ್ಯ ಬರ್ಲಿ," ಅಂದರು ಪಾಪಮ್ಮ. ಪಾಪಮ್ಮ ಆ ಗುಂಪಿನಲ್ಲಿ ಹಿರಿಯರು. ಮುಂದಿನ ಹಲ್ಲೆರಡು ಇಲ್ಲದ ಕಾರಣ ಅವರ ನಗು ಯಾವಾಗಲೂ ನಿಜಕ್ಕಿಂತ ಹೆಚ್ಚು ಕಿಡಿಗೇಡಿಯಾಗಿ ಕಾಣುತ್ತಿತ್ತು.

ಮಾರ್ಗಶಿರದ ನಡುವೆ ಎಲ್ಲೋ ಸಮುದ್ರದಲ್ಲಿ ಸುಳಿಗಾಳಿಯೆದ್ದು ನಮ್ಮ ಕಡೆ ಹಗಲೂ ರಾತ್ರಿ ಸೋನೆ ಹಿಡಿಯಿತು. ಒಂದು ಬೆಳಿಗ್ಗೆ ವ್ಯಾನು ದಾರಿಯಲ್ಲೇ ಕೆಟ್ಟು ಬರಲಿಲ್ಲ. ನೆನೆದ ಕಾಳಿನಲ್ಲಿ ಒಂದಿಷ್ಟು ಹಿತಕದೆ ಉಳಿಯಿತು. ಮಾರನೆಯ ದಿನ ಚಂದ್ರಮ್ಮ ತಂಗಿಯ ಸೀಮಂತಕ್ಕೆ ರಾಯಕೋಟೆಗೆ ಹೋಗಿದ್ದಳು. ಅವಳು ಹೋದ ಮೇಲೆ ಅವಳ ಹೆಸರಿಗೆ ಒಂದು ಆರ್ಡರು ಬಂತು. ಇಲ್ಲವೆಂದರೆ ಪುಟದಲ್ಲಿ ಕೆಂಪು ಗುರುತು ಬೀಳುತ್ತದೆ. ಸಂಕ್ರಾಂತಿಯ ಗಡುವು ಬೇರೆ ಎಲ್ಲರಿಗೂ ಗೊತ್ತಿತ್ತು. ಜಗಲಿಯವರು ಅವಳ ಪಾಲನ್ನೂ ಹಿತಕಿ, ಅವಳ ಗುರುತು ಅಂಟಿಸಿ ಕಳಿಸಿದರು. ಸಾಲದಿದ್ದುದಕ್ಕೆ ಯಾರೋ ಹಿಂದಿನ ದಿನದ ಕಾಳನ್ನು ಎರಡು ನೀರು ತೊಳೆದು ಸೇರಿಸಿದ್ದರು. ಚಳಿಗೆ ಏನೂ ಆಗಿರುವುದಿಲ್ಲ ಅಂದುಕೊಂಡಿರಬೇಕು. ಮುಚ್ಚಿದ ಪೊಟ್ಟಣದಲ್ಲಿ ಮಧ್ಯಾಹ್ನದ ಹೊತ್ತಿಗೆ ಅದು ಹುಳಿಯಾಗಿತ್ತು.

ಕೊಂಡವರು ಫೋಟೋ ತೆಗೆದು ದೂರು ಕೊಟ್ಟರು. ತಿನ್ನುವ ವಸ್ತುವಿನ ವಿಷಯದಲ್ಲಿ ಸಂಸ್ಥೆಯವರು ಬಲು ಕಟ್ಟುನಿಟ್ಟು. ಸಂಜೆಗೆ ಚಂದ್ರಮ್ಮನ ಪುಟ ಮುಚ್ಚಿತು. ತಪ್ಪು ಯಾರಿಂದ, ಹೇಗೆ ಆಯಿತೆಂದು ತಿಳಿಯುವವರೆಗೆ ತೆರೆಯುವುದಿಲ್ಲ. ಮಾರನೆಯ ಬೆಳಿಗ್ಗೆ ನಾನು ಹೋದಾಗ, ರಾಯಕೋಟೆಯಿಂದ ಬಂದಿದ್ದ ಅವಳು ಫೋನಿನಲ್ಲಿದ್ದ ತಮಿಳನ್ನು ಮೊದಲು ಒಳಗೇ ಓದಿಕೊಂಡು, ಆಮೇಲೆ ಕನ್ನಡದಲ್ಲಿ ನನಗೆ ಹೇಳಿದಳು: "ನನ್ನ ನಿಲ್ಲಿಸ್ಬುಟ್ಟವ್ರೆ ಅಕ್ಕ." ಹೊಸ್ತಿಲ ಮೇಲೆ ಮುನಿಯಮ್ಮ ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು. ಆ ಊರಲ್ಲಿ ಅವರು ಸುಮ್ಮನಿರುವುದನ್ನು ಯಾರೂ ಒಳ್ಳೆಯ ಲಕ್ಷಣವೆಂದು ಎಣಿಸುತ್ತಿರಲಿಲ್ಲ.

ನನಗೆ ದಾರಿ ಸುಲಭವಾಗಿ ಕಂಡಿತು. ಅವತ್ತು ಅವಳು ಊರಲ್ಲೇ ಇರಲಿಲ್ಲ. ಅಷ್ಟು ಹೇಳಿದರೆ ಸಾಕು, ಪುಟ ತೆರೆಯುತ್ತದೆ. ಅವಳನ್ನು ಹಿತ್ತಲಿನ ಕಡೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಕೋಪವಿರಲಿಲ್ಲ, ಟೀಚರಕ್ಕನಿಗೆ ಇಷ್ಟೂ ತಿಳಿಯದೇ ಎಂಬ ಕನಿಕರವಿತ್ತು.

"ನನ್ನ ಹೆಸ್ರು ಉಳೀಲಿ ಅಂತ ತಾನೆ ಅಕ್ಕ ಅವ್ರು ಹಿತಕಿದ್ದು," ಅಂದಳು. "ಈಗ ನಾನಿರ್ಲಿಲ್ಲ ಅಂದ್ಬುಟ್ಟು ಅವ್ರನ್ನ ಹಿಡ್ಕೊಡ್ಲಾ? ನಾಳೆ ಈ ಜಗಲಿ ಮ್ಯಾಲೆ ಎಲ್ಲಿ ಕುಂತ್ಕಳ್ಲಿ?"

ಕಂಪನಿಗೆ ವಾಪಸು ಹೋಗಬೇಕಾದರೆ, ಅಂತ ಕೇಳಿದೆ. ಹೋಗಬೇಕಾದರೆ ಹೋಗುವುದು, ಆದರೆ ಅದಕ್ಕೆ ಮುಂಚೆ ಮಾಡುವುದನ್ನೆಲ್ಲ ಮಾಡಿಯೇ ಹೋಗುವುದು ಅಂದಳು. ಬೇಳೆ ಕೊಂಡವರ ಮನೆ ಎಲ್ಲಿ ಅಂತ ಕೇಳಿದಳು.

ವಿಳಾಸ ಕೊಡುವ ಹಾಗಿರಲಿಲ್ಲ. ನಿಯಮವಿದ್ದರೆ ಅದನ್ನು ಮೀರುವುದು ನನಗೆ ಉಗುರು ಕೊಳೆಯಾದಷ್ಟೇ ಕಷ್ಟ. ಅನ್ಬರಸಿಗೆ ಫೋನ್ ಮಾಡಿದೆ. ಬೇಡ ಅಂದಳು. ಮತ್ತೆ ಮಾಡಿದೆ. ಮೂರನೆಯ ಸಲ, ಕೊಂಡವರು ಒಪ್ಪಿದರೆ ಆಗಬಹುದು ಅಂದಳು. ನಾನೇ ಆ ಮನೆಗೆ ಮಾತಾಡಿದೆ, ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ. ಆ ಕಡೆಯಿಂದ ಕೊನೆಗೆ ಕನ್ನಡ ಬಂತು. ಹಾಸನದ ಕಡೆಯ ಹುಡುಗಿ ಶ್ವೇತಾ, ಗಂಡ ಹೆಂಡತಿ ಇಬ್ಬರೂ ಹೊಸೂರಿನಲ್ಲಿ ಕೆಲಸದಲ್ಲಿದ್ದರು. ಅತ್ತೆ ಊರಿಂದ ಬಂದಿದ್ದರಂತೆ, ಅವರಿಗೆಂದು ಮಾಡಿದ ಸಾರಂತೆ. "ಮೊದಲನೇ ಸಲ ನನ್ನ ಕೈಯಡುಗೆ ತಿನ್ನೋಕೆ ಕೂತಿದ್ರು," ಅಂದಳು. ದೂರಿನಲ್ಲಿ ಅಷ್ಟೊಂದು ಸಿಟ್ಟು ಯಾಕಿತ್ತೆಂದು ಆಗ ತಿಳಿಯಿತು.

ಮಾರನೆಯ ದಿನ ಚಂದ್ರಮ್ಮ ಬಸ್ಸಿನಲ್ಲಿ ಬೋಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಒಳಗೆ ನೆನೆದ ಕಾಳು, ಹಿತಕದ್ದು. ನೀರು ತುಳುಕದ ಹಾಗೆ ಎರಡು ಕೈಯಲ್ಲೂ ಹಿಡಿದಿದ್ದಳು. ಬಾಗಲೂರು ರಸ್ತೆಯ ಆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕನ್ನಡಿ ಇತ್ತು. ಅವಳು ತನ್ನನ್ನು ನೋಡಿಕೊಳ್ಳಲಿಲ್ಲ, ಕಾಳನ್ನೇ ನೋಡುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ದಾಟುವ ಮುಂಚೆಯೇ ಹೇಳಿದಳು:

"ಅಮ್ಮಾ, ಹುಳಿ ಬಂದ ಬ್ಯಾಳೆ ನಮ್ಮ ಜಗಲಿದೇ. ಇದೂ ನಮ್ಮ ಜಗಲಿದೇ. ನಿಮ್ಮ ಮುಂದೇನೆ ಹಿತಕ್ತೀನಿ, ನೋಡ್ಕಳಿ."

ಶ್ವೇತಾಳಿಗೆ ಏನು ಮಾಡಬೇಕೋ ತೋಚಲಿಲ್ಲ. ಸೋಫಾ ತೋರಿಸಿದಳು. ಚಂದ್ರಮ್ಮ ನೆಲದ ಮೇಲೆ ಕೂತು ಶುರುಮಾಡಿಯಾಗಿತ್ತು. ಒಳಗಿನಿಂದ ಶ್ವೇತಾಳ ಅತ್ತೆ ಬಂದರು. ಬೋಸಿಯ ಹತ್ತಿರ ಬಗ್ಗಿ ಮೂಸಿದರು. ಸೆರಗು ಸಿಕ್ಕಿಸಿ, ಮಂಡಿ ಲಟಕ್ಕೆನ್ನಿಸಿ, ತಾವೂ ಎದುರಿಗೆ ಕೂತು ಒಂದು ಹಿಡಿ ಕಾಳು ಎಳೆದುಕೊಂಡರು. ತಮ್ಮ ಕಡೆ ಇದಕ್ಕೆ ಇನ್ನೂ ಸಣ್ಣ ಅವರೆ ತೆಗೆದುಕೊಳ್ಳುತ್ತಾರೆಂದು ಆ ಹಿರಿಯರು ಹೇಳಿದರು. ಸಣ್ಣದಿರಬಹುದು ಅಜ್ಜಿ, ಸೊಗಡು ಮಾತ್ರ ನಮ್ಮದೇ ಅಂದಳು ಚಂದ್ರಮ್ಮ. ಹಿರಿಯರು ನಕ್ಕರು, ಒಪ್ಪಲಿಲ್ಲ. ಅವತ್ತಿನದು ಮಾಡಿದ್ದು ಯಾರು ಅಂತ ಶ್ವೇತಾ ಕೇಳಿದಾಗ "ನಾವು" ಅಂದಳು. ನಾವು ಅಂದರೆ ಯಾರು ಅಂದರೆ, "ನಾವೇ." ಅತ್ತೆ ಸೊಸೆಯ ಕಡೆ ನೋಡಿ, ಇನ್ನು ಕೇಳಬೇಡ ಎಂಬಂತೆ ಕಣ್ಣಲ್ಲೇ ಹೇಳಿದರು.

ಆ ಸಂಜೆ ಶ್ವೇತಾ ದೂರು ವಾಪಸು ಪಡೆದಳು. ಆದರೂ ಪುಟ ತೆರೆಯಲಿಲ್ಲ. ದೂರು ಹೋದರೂ ಕಾರಣ ಉಳಿದಿದೆ ಅಂದಳು ಅನ್ಬರಸಿ. ನಾಳೆ ಯಾರದೋ ಮಗುವಿಗೆ ಹೊಟ್ಟೆ ಕೆಟ್ಟರೆ ಯಾರನ್ನು ಕೇಳಲಿ ಅಂದಳು. ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತೆ. ಯಜಮಾನರು ಬಂದು, ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಕಾ, ಬಿಟ್ಟುಬಿಡಬಾರದಾ ಅಂದರು. ಬಿಡೋದಿಲ್ಲ ಅಂದೆ. ಅಷ್ಟು ಚಿಕ್ಕ ಮಾತನ್ನು ನಾನು ಆ ಮನೆಯಲ್ಲಿ ಅದುವರೆಗೆ ಆಡಿರಲಿಲ್ಲವೇನೋ. ಅವರು ನೀರು ಕುಡಿದು ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಇಂಗ್ಲಿಷ್ ಹೊಸ ವರ್ಷ ಹತ್ತಿರ ಬರುತ್ತಿತ್ತು. ಬೇಳೆಗೆ ಅದೇ ದೊಡ್ಡ ವಾರ. ಪ್ರತಿ ಪುಟದಲ್ಲೂ ಹುಷಾರಿಲ್ಲದಾಗ, ಹಬ್ಬದಲ್ಲಿ ಒತ್ತಲೆಂದು 'ರಜೆ' ಎಂಬ ಗುಂಡಿ ಇತ್ತು. ಒಂದು ಬೆಳಿಗ್ಗೆ ಗುಮ್ಮಳಾಪುರದ ಕೆಳಗಿನ ಬೀದಿಯ ಪುಟಗಳೆಲ್ಲ ಒಟ್ಟಿಗೆ ರಜೆಗೆ ಹೋದವು. ನನಗೂ ಹೇಳಿರಲಿಲ್ಲ, ಚಂದ್ರಮ್ಮನಿಗೂ ಹೇಳಿರಲಿಲ್ಲ.

ಅನ್ಬರಸಿ ಮಂಜಿನಲ್ಲೇ ಸ್ಕೂಟರಿನಲ್ಲಿ ಬಂದಳು. ನಾನು ಮೊದಲ ಬಸ್ಸಿಗೆ ಹೋಗಿ ಇಳಿಯುವುದಕ್ಕೂ ಅವಳು ಸ್ಕೂಟರ್ ನಿಲ್ಲಿಸುವುದಕ್ಕೂ ಸರಿಹೋಯಿತು. ಕನ್ನಡಕದ ಮೇಲೆಲ್ಲ ನೀರು. ಜಗಲಿಯ ಮೇಲೆ ಎಲ್ಲರೂ ಕೂತಿದ್ದರು, ಕೈಯಲ್ಲಿ ಕೆಲಸವಿಲ್ಲದೆ. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಮುನಿಯಮ್ಮ ಹೊಸ್ತಿಲಿನಿಂದ ಎಲ್ಲರಿಗೂ ಕೇಳುವಂತೆ, ಒಬ್ಬಳ ಹೊಟ್ಟೆನೋವಿಗೆ ಊರೆಲ್ಲ ಲಂಗಣ ಬಿದ್ದ ಹಾಗಾಯಿತು ಅಂತ ಮೂದಲಿಸುತ್ತಿದ್ದರು. ಚಂದ್ರಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಅತ್ತಿದ್ದಳು ಅಂತ ಮೂಗು ಹೇಳುತ್ತಿತ್ತು.

ಅನ್ಬರಸಿ ತನ್ನ ಹಳೆಯ ಊರಿನ ಕಥೆಯನ್ನು ಅವರಿಗೂ ಹೇಳಿದಳು. ತಮಿಳಿನಲ್ಲಿ ಶುರುಮಾಡಿ, ಸಿಕ್ಕಷ್ಟು ಕನ್ನಡದಲ್ಲಿ ಮುಗಿಸಿದಳು. ಹೆಸರು ಬೇರೆ ಬೇರೆ ಇದ್ದರೆ ಯಾರೂ ಯಾರನ್ನೂ ಮರೆಮಾಡಲಾರರು, ಅದಕ್ಕಾಗಿಯೇ ಇಷ್ಟೆಲ್ಲ ಅಂದಳು. ಎಲ್ಲರೂ ಕೇಳಿದರು. ಪಾಪಮ್ಮ ಅವಳ ಕೈಹಿಡಿದು ಪಕ್ಕ ಕೂರಿಸಿಕೊಂಡರು.

"ನೀನ್ ಹೇಳೋದು ದಿಟ ಕಣಮ್ಮಣ್ಣಿ. ನಮ್ಮೆಲ್ರ ಹೆಸ್ರೂ ಇರ್ಲಿ, ಯಾರು ಬ್ಯಾಡ ಅಂದೋರು. ಆದ್ರೆ ಹುಳಿ ಬಂದಾಗ ಒಬ್ಬಳನ್ನೇ ಎಳ್ಕಂಡೋಗಿ ನಿಲ್ಲಿಸ್ಬ್ಯಾಡ. ಹಂಡೆ ಒಂದೇ ಆದ್ಮ್ಯಾಲೆ ಹುಳಿ ಯಾರ್ದು ಅಂತ ನಾನೇಳ್ಲಿ?"

ಹಾಗಾದರೆ ಕೇಳುವುದು ಯಾರನ್ನು, ಹೊಣೆ ಯಾರದು ಅಂದಳು ಅನ್ಬರಸಿ. ಆಗ ಬಾಯಿ ಬಿಟ್ಟದ್ದು ಮುನಿಯಮ್ಮ. ಊರಿನಲ್ಲಿ ಆ ವಾರವೆಲ್ಲ 'ಮುನಿಯಮ್ಮನ ಜಗಲಿ ಬ್ಯಾಳೆ ಹುಳಿಯಂತೆ' ಎಂಬ ಮಾತು ಓಡಾಡಿತ್ತು. ಅದು ಅವರಿಗೆ ಸೊಸೆಯ ಪುಟಕ್ಕಿಂತ ಹೆಚ್ಚು ಕೊರೆದಿರಬೇಕು. ಎಲೆಯಡಿಕೆ ಉಗಿದು, ಬಾಯಿ ಒರೆಸಿಕೊಂಡು ಹೇಳಿದರು:

"ಕುಂತಿರೋದು ನನ್ನ ಜಗಲಿ ಮ್ಯಾಲೆ. ಜಗಲಿ ಹೆಸ್ರಾಕು. ಏನ್ ಕೇಳೋದಿದ್ರೂ ಇಲ್ಲಿಗೆ ಬಂದು ಕೇಳ್ಲಿ. ಜಗಲಿ ಎದ್ದು ಓಡೋಯ್ತದಾ?"

ಅನ್ಬರಸಿ ಕನ್ನಡಕ ಒರೆಸುವುದನ್ನು ನಿಲ್ಲಿಸಿದಳು. ಅವಳ ತಲೆಯಲ್ಲಿ ಏನೋ ಓಡುತ್ತಿರುವುದು ಕಾಣುತ್ತಿತ್ತು. ಅಲ್ಲೇ ಕೂತು ತೀರ್ಮಾನವಾಯಿತು: ಪುಟದ ಹೆಸರು ಮುನಿಯಮ್ಮನ ಜಗಲಿ. ಕೆಳಗೆ ಪ್ರತಿಯೊಬ್ಬರ ಹೆಸರು, ಮುಖ, ಮಾತು, ಯಾವುದೂ ಯಾವುದಕ್ಕಿಂತ ದೊಡ್ಡದಲ್ಲ. ಹುಳಿ ಬಂದರೆ ಇಡೀ ಜಗಲಿ ಉತ್ತರ ಕೊಡಬೇಕು, ಬದಲಿ ಬೇಳೆಯನ್ನು ತಾವೇ ಒಯ್ದು ಕೊಡಬೇಕು, ಚಂದ್ರಮ್ಮ ಹೋಗಿ ಬಂದಳಲ್ಲ ಹಾಗೆ. ರಾತ್ರಿ ಉಳಿದ ಕಾಳು ಎಮ್ಮೆಗೆ. ಕಳಿಸುವ ಮುಂಚೆ ಪ್ರತಿ ಕೊಪ್ಪರಿಗೆಯನ್ನೂ ಒಬ್ಬರು ಮೂಸಿ ನೋಡಿ ಹೂಂ ಅನ್ನಬೇಕು. ಆ ಒಬ್ಬರು ಯಾರೆಂದು ಯಾರೂ ಕೇಳಲಿಲ್ಲ. ಅವರಾಗಲೇ ಹೊಸ್ತಿಲಿನಿಂದ ಎದ್ದು ಬಂದಿದ್ದರು. ಅವತ್ತು ಹಿಂದಿನ ದಿನದ ಕಾಳು ಸೇರಿಸಿದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನ ಮೇಲೆ ಗೊತ್ತುಮಾಡಿಕೊಳ್ಳಬೇಕೆಂದೂ ಅನಿಸಲಿಲ್ಲ.

ಪುಟಕ್ಕೆ ಫೋಟೋ ಬೇಕಲ್ಲ. ಮುನಿಯಮ್ಮ ಕ್ಯಾಮೆರಾ ಕಂಡರೆ ಒಳಗೆ ಹೋಗಿಬಿಡುತ್ತಿದ್ದರು. ಕೊನೆಗೆ ಜಗಲಿಯದೇ ಫೋಟೋ ತೆಗೆದೆ. ಉದ್ದದ ಜಗಲಿ, ಹಂಡೆ, ಸಿಪ್ಪೆಯ ಗುಡ್ಡೆ. ಬಲಗಡೆಯ ಮೂಲೆಯಲ್ಲಿ ಬಾಗಿಲೊಳಗೆ ಸರಿಯುತ್ತಿರುವ ಒಂದು ಕಾಲು ಬಿದ್ದಿದೆ, ಬೆಳ್ಳಿಯ ಕಡಗದ ಸಮೇತ. ಕತ್ತರಿಸೋಣವೇ ಅಂತ ಅನ್ಬರಸಿ ಕೇಳಿದಳು. ಬೇಡ ಅಂದೆ.

ಆಮೇಲಿನ ದಿನಗಳು ಒಂದರ ಮೈಮೇಲೆ ಒಂದು ಬಿದ್ದು ಓಡಿದವು. ಹೊಸ ವರ್ಷಕ್ಕೆ, ವೈಕುಂಠ ಏಕಾದಶಿಗೆ, ಹಬ್ಬಕ್ಕೆ. ನಾನೂ ಹಿತಕಲು ಕಲಿತೆ. ಮೊದಮೊದಲು ನನ್ನ ಬೇಳೆ ಬೋಸಿಗೆ ಬೀಳದೆ ಪಾಪಮ್ಮನವರ ಮುಖಕ್ಕೆ ಹೋಗುತ್ತಿತ್ತು. ಅವರು ಒರೆಸಿಕೊಂಡು ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೆರಳ ತುದಿ ನೀರಿಗೆ ನೆರಿಗೆಯಾಗಿ, ಉಗುರು ಕಪ್ಪಾಗಿ, ಮನೆಗೆ ಬಂದರೆ ಮಕ್ಕಳು ಮೂಗು ಮುಚ್ಚಿಕೊಂಡು ಹತ್ತಿರ ಬಂದು ಕೂರುತ್ತಿದ್ದರು. ಶ್ವೇತಾಳ ಅತ್ತೆ ಹಾಸನಕ್ಕೆ ಹೋಗುವಾಗ ಒಂದು ಪೊಟ್ಟಣ ಕೊಂಡೊಯ್ದರಂತೆ. ತಮ್ಮ ಕಡೆಯದೇ ಚೆನ್ನ ಅಂತ ಪುಟದಲ್ಲಿ ಬರೆಸಿದ್ದರು, ಮೊಮ್ಮಗಳ ಕೈಯಲ್ಲಿ. ಚಂದ್ರಮ್ಮ ಅದನ್ನು ಜಗಲಿಗೆಲ್ಲ ಕೇಳುವಂತೆ ಓದಿಸಿಕೊಂಡು ನಕ್ಕಳು.

ಆದರೆ ಮುನಿಯಮ್ಮನವರಿಂದ ಗಡುವಿನ ಬಗ್ಗೆ ಒಂದು ಮಾತೂ ಬಂದಿರಲಿಲ್ಲ. ಬೇಳೆ ಮೂಸುತ್ತಿದ್ದರು, ಬೈಯುತ್ತಿದ್ದರು, ಆದರೆ 'ಇದೇ ಮಾಡ್ಕಂಡಿರು' ಅಂತಲೂ ಇಲ್ಲ, 'ಬಸ್ಸತ್ತು' ಅಂತಲೂ ಇಲ್ಲ. ಚಂದ್ರಮ್ಮ ಕೇಳಲಿಲ್ಲ. ಹಬ್ಬದ ರಜೆ ಕಳೆದು ಕಂಪನಿ ಬಸ್ಸು ಮತ್ತೆ ಶುರುವಾಗುವ ಹಿಂದಿನ ಸಂಜೆ ನಾನು ಮಕ್ಕಳನ್ನು ಯಜಮಾನರಿಗೆ ಒಪ್ಪಿಸಿ ಗುಮ್ಮಳಾಪುರಕ್ಕೆ ಹೊರಟೆ. ನೀನು ಅಲ್ಲಿದ್ದು ಏನು ಮಾಡುತ್ತೀಯಾ ಅಂದರು. ಗೊತ್ತಿಲ್ಲ, ಇರುತ್ತೇನೆ ಅಂದೆ.

ನಸುಕಿಗೆ ಎದ್ದು ಜಗಲಿಗೆ ಬಂದಾಗ ಬೀದಿದೀಪದ ಸುತ್ತ ಮಂಜು ಹತ್ತಿಯಂತೆ ಕೂತಿತ್ತು. ಎಲ್ಲರೂ ಬಂದಿದ್ದರು. ಅವರೆಯ ಕಾಲ ಇಳಿಯುತ್ತಿತ್ತು, ಕಾಳು ಬಲಿಯುತ್ತಿತ್ತು, ಮುಂದೆ ತೊಗರಿ, ಹುಣಸೆ, ರಾಗಿ ಹುರಿಹಿಟ್ಟು ಅಂತ ಮಾತು ನಡೆದಿತ್ತು. ಚಂದ್ರಮ್ಮ ಮಾತಿಗೆ ಸೇರಿರಲಿಲ್ಲ. ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಬಂತು, ನಿಂತಿತು, ಎರಡು ಸಲ ಹಾರ್ನ್ ಹೊಡೆಯಿತು.

ಚಂದ್ರಮ್ಮನ ಬೆರಳು ನಿಂತಿತು. ಜಗಲಿಯ ಮೇಲೆ ಎಲ್ಲರ ಬೆರಳೂ ನಿಂತಿತು, ನನ್ನದೂ.

ಮುನಿಯಮ್ಮ ಕೊಪ್ಪರಿಗೆಯ ಹತ್ತಿರದಿಂದ ಎದ್ದರು. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಬಸ್ಸಿನ ಮುಂದೆ ದೀಪದ ಬೆಳಕಿನಲ್ಲಿ ಹೋಗಿ ನಿಂತರು. ಡ್ರೈವರು ತಲೆ ಹೊರಗೆ ಹಾಕಿದ.

"ಇನ್ಮ್ಯಾಲೆ ಇಲ್ಲಿ ಆರ್ನ್ ಒಡೀಬ್ಯಾಡ ಕಣಪ್ಪ," ಅಂದರು. "ಬ್ಯಾಳೆ ಹಿತಕೋ ಹೆಣ್ಮಕ್ಳು ಬೆಚ್ಚಿ ಬೀಳ್ತಾರೆ."

ಬಸ್ಸು ಹೊರಟಿತು. ಮುನಿಯಮ್ಮ ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಕಡೆ ಹೋಗಲಿಲ್ಲ. ಚಂದ್ರಮ್ಮನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ಅವಳ ಮುಂದಿನ ಕಾಳಿನಲ್ಲಿ ಅರ್ಧ ತಮ್ಮ ಕಡೆಗೆ ಎಳೆದುಕೊಂಡರು.